ವೆಂಡರ್‌ನನ್ನು ಎಷ್ಟು ನಂಬಬೇಕು, ಎಷ್ಟು ಕಾಯಬೇಕು?

2025ರ ಫೆಬ್ರುವರಿಯಲ್ಲಿ ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆಯುತ್ತಿದ್ದಾಗ ವಾಯುಪಡೆಯ ಮುಖ್ಯಸ್ಥ ಎ.ಪಿ. ಸಿಂಗ್ ಅವರು ಎಚ್‌ಎಎಲ್ ಅಧಿಕಾರಿಗಳ ಜೊತೆ ಆಡಿದ ಮಾತು ಕ್ಯಾಮೆರಾಗೆ ಸಿಕ್ಕಿಬಿಟ್ಟಿತು. ಸದ್ಯಕ್ಕೆ ಎಚ್‌ಎಎಲ್ ಮೇಲೆ ತಮಗೆ ವಿಶ್ವಾಸವಿಲ್ಲ ಎಂದು ಅವರು ಮುಖಕ್ಕೇ ಹೇಳಿದ್ದರು. 83 ತೇಜಸ್ ಮಾರ್ಕ್-1ಎ ಯುದ್ಧವಿಮಾನಗಳಿಗೆ ಸುಮಾರು 48 ಸಾವಿರ ಕೋಟಿ ರೂಪಾಯಿಯ ಒಪ್ಪಂದವಾಗಿದ್ದು 2021ರಲ್ಲಿ, ಅದೂ ಇದೇ ಏರೋ ಇಂಡಿಯಾದಲ್ಲಿ. ಮೊದಲ ವಿಮಾನ 2024ರಲ್ಲಿ ಬರಬೇಕಿತ್ತು. 2025ರ ಫೆಬ್ರುವರಿಯಾದರೂ ಒಂದೂ ವಾಯುಪಡೆಯ ಕೈಸೇರಿರಲಿಲ್ಲ. ವಿಳಂಬಕ್ಕೆ ಸೋಮಾರಿತನ ಕಾರಣವಲ್ಲ, ತಾಂತ್ರಿಕ ತೊಡಕುಗಳಿದ್ದವು ಎಂದು ಎಚ್‌ಎಎಲ್ ಅಧ್ಯಕ್ಷ ಡಿ.ಕೆ. ಸುನಿಲ್ ಸಮಜಾಯಿಷಿ ಕೊಟ್ಟರು. ಅದಾದ ಏಳು ತಿಂಗಳಿಗೆ ರಕ್ಷಣಾ ಸಚಿವಾಲಯ ಅದೇ ಎಚ್‌ಎಎಲ್‌ಗೆ ಇನ್ನೂ 97 ವಿಮಾನಗಳ ಆರ್ಡರ್ ಕೊಟ್ಟಿತು. ಮೊತ್ತ 62,370 ಕೋಟಿ ರೂಪಾಯಿ.

ವಿಶ್ವಾಸವಿಲ್ಲ, ಆರ್ಡರ್ ಮಾತ್ರ ಇದೆ. ಹೊರಗಿನವರಿಗೆ ವಿಚಿತ್ರವೆನಿಸಬಹುದು. ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ವರ್ಕ್‌ಶಾಪ್ ನಡೆಸುವವರಿಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ. ಇನ್ನೂ ಹುಟ್ಟದ ವಸ್ತುವೊಂದನ್ನು ಇಬ್ಬರು ಸೇರಿ ಮಾಡಲು ಹೊರಟಾಗ ಕೊಳ್ಳುವವನಿಗೂ ಕೊಡುವವನಿಗೂ, ಅಂದರೆ ವೆಂಡರ್‌ಗೂ, ನಡುವೆ ಇರುವುದು ಇಂಥದೇ ಸಂಬಂಧ. ಅಂಗಡಿಯಲ್ಲಿರುವ ಸಾಮಾನನ್ನು ತೂಗಿ, ತಿರುಗಿಸಿ ನೋಡಿ ತರಬಹುದು. ಎರಡು ವರ್ಷದ ನಂತರ ತಯಾರಾಗಲಿರುವ ಗೇರ್‌ಬಾಕ್ಸನ್ನು ಇವತ್ತು ತೂಗುವುದು ಹೇಗೆ? ಕೊಳ್ಳುವವನ ಕೈಯಲ್ಲಿರುವುದು ಒಂದು ಡ್ರಾಯಿಂಗ್, ಒಂದು ಕರಾರುಪತ್ರ, ಎದುರಿಗೆ ಕೂತವನ ಮಾತು. ಡ್ರಾಯಿಂಗ್ ಬದಲಾಗುತ್ತದೆ. ಕರಾರು ಬರೆದವರಿಗೆ ಹೊಳೆಯದ ತೊಂದರೆಯೇ ಮೊದಲು ಎದುರಾಗುತ್ತದೆ. ಕೊನೆಗೆ ಉಳಿಯುವುದು ಮಾತು.

ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಇದನ್ನು ತಕ್ಕಡಿಯ ಹಾಗೆ ವಿವರಿಸುವ ರೂಢಿಯಿದೆ: ಒಂದು ತಟ್ಟೆಯಲ್ಲಿ ನಂಬಿಕೆ, ಇನ್ನೊಂದರಲ್ಲಿ ಹಿಡಿತ, ಒಂದು ಏರಿದರೆ ಇನ್ನೊಂದು ಇಳಿಯಬೇಕು. ನನಗೆ ಈ ಚಿತ್ರ ಒಪ್ಪಿಗೆಯಿಲ್ಲ. ಕಳೆದ ಮೂವತ್ತು ವರ್ಷಗಳಲ್ಲಿ ಕೆಟ್ಟುಹೋದ ದೊಡ್ಡ ಪಾಲುದಾರಿಕೆಗಳನ್ನು ನೋಡಿದರೆ ನಂಬಿಕೆ, ಹಿಡಿತ ಎರಡೂ ಒಟ್ಟಿಗೇ ಸತ್ತಿವೆ. ಚೆನ್ನಾಗಿ ನಡೆದ ಕಡೆ ಎರಡೂ ಒಟ್ಟಿಗೇ ಬೆಳೆದಿವೆ. ಎರಡಕ್ಕೂ ಬೇರು ಒಂದೇ ಇರುವಂತಿದೆ: ಕೊಳ್ಳುವವನಿಗೆ ಆ ಕೆಲಸ ಗೊತ್ತಿದೆಯೇ, ಇಲ್ಲವೇ ಎಂಬುದು.

ಬೋಯಿಂಗ್ ಕಲಿತ ಪಾಠ

ಇದಕ್ಕೆ ಬೋಯಿಂಗ್‌ಗಿಂತ ದುಬಾರಿ ಉದಾಹರಣೆ ಸಿಗುವುದು ಕಷ್ಟ. 787 ಡ್ರೀಮ್‌ಲೈನರ್ ಯೋಜನೆಗೆ ಕಂಪನಿ ಕೈಹಾಕಿದ್ದು 2004ರಲ್ಲಿ. ಅಲ್ಲಿಯವರೆಗೆ ಬೋಯಿಂಗ್ ವಿನ್ಯಾಸ ಮಾಡುತ್ತಿತ್ತು, ಹೊರಗಿನ ಕಂಪನಿಗಳು ಆ ಡ್ರಾಯಿಂಗ್ ಪ್ರಕಾರ ಭಾಗಗಳನ್ನು ಮಾಡಿಕೊಡುತ್ತಿದ್ದವು. 787ಕ್ಕೆ ಲೆಕ್ಕ ಬದಲಾಯಿತು. ರೆಕ್ಕೆ ಜಪಾನಿನ ಮಿತ್ಸುಬಿಷಿಗೆ, ಬಾಲದ ಅಡ್ಡರೆಕ್ಕೆ ಇಟಲಿಯ ಅಲೇನಿಯಾಗೆ, ಹಿಂಬದಿಯ ಒಡಲು ದಕ್ಷಿಣ ಕೆರೊಲಿನಾದಲ್ಲಿ ಘಟಕ ಹಾಕಿದ ವಾಟ್ ಕಂಪನಿಗೆ. ಹೀಗೆ ವಿಮಾನದ ಸುಮಾರು ಶೇ 70 ಭಾಗ ಹೊರಗೆ ಹೋಯಿತು. ಹೋಗಿದ್ದು ಬರೀ ತಯಾರಿಕೆಯಲ್ಲ, ವಿವರವಾದ ವಿನ್ಯಾಸದ ಕೆಲಸವೂ ಹೋಯಿತು. ಈ ಕಂಪನಿಗಳಿಗೆ 'ಅಪಾಯ ಹಂಚಿಕೊಳ್ಳುವ ಪಾಲುದಾರರು' ಎಂಬ ಗೌರವದ ಹೆಸರು ಸಿಕ್ಕಿತು. ಅಭಿವೃದ್ಧಿಯ ಖರ್ಚು ಅವರೇ ಹಾಕಬೇಕು, ವಿಮಾನ ಮಾರಾಟವಾದಂತೆ ಹಣ ಬರುತ್ತದೆ ಎಂಬುದು ಒಪ್ಪಂದದ ತಿರುಳು.

ಮೇಲ್ನೋಟಕ್ಕೆ ಇದು ಅಪಾರ ನಂಬಿಕೆಯ ವ್ಯವಹಾರ. ಒಳಹೊಕ್ಕು ನೋಡಿದರೆ ಹಣದ ಲೆಕ್ಕಾಚಾರ. ಆ ಪಾಲುದಾರರು ತಮ್ಮ ಕೆಳಗಿನ ವೆಂಡರ್‌ಗಳಿಗೆ ಕೆಲಸ ಹಂಚಿದರು, ಅವರು ಇನ್ನೂ ಕೆಳಗಿನವರಿಗೆ. ಮೂರನೆಯ ಮೆಟ್ಟಿಲಲ್ಲಿ ಏನಾಗುತ್ತಿದೆ ಎಂದು ಸಿಯಾಟಲ್‌ನಲ್ಲಿ ಕೂತ ಬೋಯಿಂಗ್‌ನವರಿಗೆ ತಿಳಿಯುವ ದಾರಿ ತೀರಾ ಕಿರಿದಾಗಿತ್ತು. 2007ರ ಜುಲೈ 8ರಂದು, ಅಮೆರಿಕದ ರೀತಿಯಲ್ಲಿ ಬರೆದರೆ 7/8/7, ವಿಮಾನವನ್ನು ಜಗತ್ತಿಗೆ ತೋರಿಸಿದರು. ಒಳಗೆ ಅದು ಟೊಳ್ಳು ಚಿಪ್ಪು. ಒಡಲಿನ ಎಷ್ಟೋ ಕಡೆ ತಾತ್ಕಾಲಿಕ ಫಾಸ್ಟನರ್‌ಗಳನ್ನು ಹಾಕಿ ನಿಲ್ಲಿಸಿದ್ದರು. 2008ರ ಮೇನಲ್ಲಿ ಕೊಡಬೇಕಿದ್ದ ಮೊದಲ ವಿಮಾನ ಜಪಾನಿನ ಎಎನ್‌ಎ ಕಂಪನಿಯ ಕೈಸೇರಿದ್ದು 2011ರ ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ ಬೋಯಿಂಗ್ ತನ್ನ ಎಂಜಿನಿಯರ್‌ಗಳನ್ನು ಪಾಲುದಾರರ ಕಾರ್ಖಾನೆಗಳಿಗೆ ದಂಡುದಂಡಾಗಿ ಕಳಿಸಬೇಕಾಯಿತು. 2009ರಲ್ಲಿ ವಾಟ್‌ನ ಘಟಕವನ್ನು 58 ಕೋಟಿ ಡಾಲರ್ ಕೊಟ್ಟು ತಾನೇ ಕೊಂಡುಕೊಂಡಿತು. ಉಳಿಸಲು ಹೊರಗೆ ಕೊಟ್ಟದ್ದನ್ನು ದುಡ್ಡು ಕೊಟ್ಟು ವಾಪಸ್ ತರುವ ಸ್ಥಿತಿ.

ತಮಾಷೆಯೆಂದರೆ, ಇದಾಗುತ್ತದೆ ಎಂದು ಕಂಪನಿಯೊಳಗೇ ಮೊದಲೇ ಎಚ್ಚರಿಸಿದವರಿದ್ದರು. ಬೋಯಿಂಗ್‌ನ ಹಿರಿಯ ಎಂಜಿನಿಯರ್ ಹಾರ್ಟ್-ಸ್ಮಿತ್ 2001ರಲ್ಲೇ ಒಂದು ಆಂತರಿಕ ಪ್ರಬಂಧ ಮಂಡಿಸಿ, ಕೆಲಸ ಹೊರಗೆ ಹೋದಷ್ಟೂ ಲಾಭ ಹೊರಗೆ ಹೋಗುತ್ತದೆ, ತಪ್ಪಿನ ಹೊಣೆ ಮಾತ್ರ ಮನೆಯಲ್ಲೇ ಉಳಿಯುತ್ತದೆ ಎಂಬರ್ಥದ ವಾದ ಮುಂದಿಟ್ಟಿದ್ದರು. ಪಾಲುದಾರರ ಕೆಲಸವನ್ನು ನೋಡಿಕೊಳ್ಳಲು ಮನೆಯಲ್ಲೂ ಅಷ್ಟೇ ಬಲ್ಲವರು ಬೇಕು ಎಂಬುದೂ ಆ ವಾದದಲ್ಲಿತ್ತು. ಕೇಳಿದವರು ಕಡಿಮೆ.

787ರ ಕತೆ ಹಳೆಯದಾಯಿತು. ಅದರ ಜೊತೆಗೇ ನಡೆದ ಇನ್ನೊಂದು ಕತೆ ಮೊನ್ನೆಮೊನ್ನೆ ತಾರ್ಕಿಕ ಕೊನೆ ಮುಟ್ಟಿದೆ. ಕ್ಯಾನ್ಸಸ್ ರಾಜ್ಯದ ವಿಚಿಟಾದಲ್ಲಿ ಬೋಯಿಂಗ್‌ಗೆ ದೊಡ್ಡ ಕಾರ್ಖಾನೆಯಿತ್ತು. 737 ವಿಮಾನದ ಒಡಲು ತಯಾರಾಗುತ್ತಿದ್ದುದು ಅಲ್ಲೇ. 2005ರಲ್ಲಿ ಅದನ್ನು ಕೆನಡಾದ ಹೂಡಿಕೆ ಸಂಸ್ಥೆಯೊಂದಕ್ಕೆ ಮಾರಿದರು, ಸ್ಪಿರಿಟ್ ಏರೋಸಿಸ್ಟಮ್ಸ್ ಹುಟ್ಟಿತು. ಅದೇ ಕಟ್ಟಡ, ಬಹುಮಟ್ಟಿಗೆ ಅದೇ ಕೆಲಸಗಾರರು, ಹೊಸ ಬೋರ್ಡು. ನಿನ್ನೆಯವರೆಗೆ ಸಹೋದ್ಯೋಗಿಯಾಗಿದ್ದವನು ವೆಂಡರ್ ಆದ. ವೆಂಡರ್ ಆದ ಮೇಲೆ ಅವನಿಗೂ ಬೆಲೆ ಇಳಿಸುವ ಒತ್ತಡ ಶುರುವಾಯಿತು. 'ಯಶಸ್ಸಿಗಾಗಿ ಪಾಲುದಾರಿಕೆ' ಎಂಬ ಸೊಗಸಾದ ಹೆಸರಿನ ಕಾರ್ಯಕ್ರಮದಡಿ ಬೋಯಿಂಗ್ ತನ್ನ ಪೂರೈಕೆದಾರರಿಂದ ದೊಡ್ಡ ರಿಯಾಯಿತಿಗಳನ್ನು ಕೇಳಿತು. ಸ್ಪಿರಿಟ್ ವರ್ಷಗಟ್ಟಲೆ ನಷ್ಟದಲ್ಲಿ ನಡೆಯಿತು. 2023ರಲ್ಲಿ ಬಾಲದ ಜೋಡಣೆಯ ಭಾಗಗಳಲ್ಲಿ ದೋಷ, ಅದೇ ವರ್ಷ ಹಿಂಬದಿಯ ಒತ್ತಡ ತಡೆಯುವ ಗೋಡೆಯಲ್ಲಿ ತಪ್ಪಾಗಿ ಕೊರೆದ ರಂಧ್ರಗಳು. ಆ ಅಕ್ಟೋಬರ್‌ನಲ್ಲಿ ಬೋಯಿಂಗ್ ತಾನಾಗಿ 787 ಭಾಗಗಳ ಬೆಲೆ ಏರಿಸಿ, ಮುಂಗಡ ಹಣ ಕೊಟ್ಟು ಸ್ಪಿರಿಟನ್ನು ಎತ್ತಿ ನಿಲ್ಲಿಸಬೇಕಾಯಿತು. ಆದರೆ ಮುಖ್ಯ ಘಟನೆ ಆ ವೇಳೆಗೆ ನಡೆದುಹೋಗಿತ್ತು, ಯಾರಿಗೂ ಗೊತ್ತಾಗಿರಲಿಲ್ಲ ಅಷ್ಟೆ.

ನಾಲ್ಕು ಬೋಲ್ಟ್

ಈ ಘಟನೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಮ್ಮ ವಿಷಯವೆಲ್ಲ ಇದರೊಳಗಿದೆ.

737 ಮ್ಯಾಕ್ಸ್ 9 ವಿಮಾನದಲ್ಲಿ ಹಿಂಬದಿಯ ತುರ್ತು ಬಾಗಿಲು ಕೆಲವು ಏರ್‌ಲೈನ್‌ಗಳಿಗೆ ಬೇಕಾಗುವುದಿಲ್ಲ. ಆಗ ಆ ಜಾಗಕ್ಕೆ ಒಂದು ಮುಚ್ಚಳ ಕೂರಿಸುತ್ತಾರೆ. ಒಳಗಿನಿಂದ ಅದು ಸಾಧಾರಣ ಗೋಡೆಯ ಹಾಗೇ ಕಾಣುತ್ತದೆ. ಅದು ಮೇಲಕ್ಕೆ ಸರಿದು ಕಳಚಿಕೊಳ್ಳದ ಹಾಗೆ ತಡೆಯುವುದು ನಾಲ್ಕು ಬೋಲ್ಟ್. ಅಲಾಸ್ಕಾ ಏರ್‌ಲೈನ್ಸ್‌ಗೆ ಹೋಗಬೇಕಿದ್ದ ಒಂದು ಒಡಲಿನ ಮುಚ್ಚಳ ತಯಾರಾದದ್ದು ಸ್ಪಿರಿಟ್‌ನ ಮಲೇಷ್ಯಾ ಘಟಕದಲ್ಲಿ. ಅಲ್ಲಿಂದ ವಿಚಿಟಾಗೆ, ವಿಚಿಟಾದಿಂದ ಒಡಲಿನ ಜೊತೆ ರೈಲಿನಲ್ಲಿ ಸಿಯಾಟಲ್ ಪಕ್ಕದ ರೆಂಟನ್‌ಗೆ. 2023ರ ಆಗಸ್ಟ್ ಕೊನೆಗೆ ರೆಂಟನ್ ತಲುಪಿದಾಗ ಮುಚ್ಚಳದ ಪಕ್ಕದ ಐದು ರಿವೆಟ್‌ಗಳು ಕೆಟ್ಟಿರುವುದು ಕಂಡಿತು. ರಿವೆಟ್ ಸರಿಮಾಡುವ ಹೊಣೆ ಸ್ಪಿರಿಟ್‌ನದು. ಇಂಥ ಕೆಲಸಕ್ಕೆಂದೇ ಸ್ಪಿರಿಟ್‌ನ ಜನ ಬೋಯಿಂಗ್ ಕಾರ್ಖಾನೆಯೊಳಗೇ ಇದ್ದರು. ಆದರೆ ರಿವೆಟ್‌ಗೆ ಕೈ ತಲುಪಬೇಕಾದರೆ ಮುಚ್ಚಳ ತೆರೆಯಬೇಕು. ಮುಚ್ಚಳ ತೆರೆಯುವುದು ಬೋಯಿಂಗ್‌ನವರ ಕೆಲಸ.

ತೆರೆದರು. ಸ್ಪಿರಿಟ್‌ನವರು ರಿವೆಟ್ ಸರಿಮಾಡಿದರು. ಮುಚ್ಚಿದರು. ಬೋಲ್ಟ್ ಹಾಕಲಿಲ್ಲ.

ಹಾಕದಿರುವುದು ಯಾಕೆ ಗೊತ್ತಾಗಲಿಲ್ಲ? ಮುಚ್ಚಳವನ್ನು ಬಿಚ್ಚಿದರೆ ಅಧಿಕೃತ ದಾಖಲೆ ತೆರೆಯಬೇಕು, ಮತ್ತೆ ಕೂರಿಸಿದಾಗ ಗುಣಮಟ್ಟ ತಪಾಸಕ ಬಂದು ನೋಡಿ ಸಹಿ ಹಾಕಬೇಕು. ಬೋಯಿಂಗ್‌ನ ನಿಯಮ ಹಾಗಿತ್ತು. ಈ ಸಲ ಆ ದಾಖಲೆಯೇ ಹುಟ್ಟಲಿಲ್ಲ. ರಿವೆಟ್ ದುರಸ್ತಿಯ ಬಗ್ಗೆ ಮಾತ್ರ ಎರಡೂ ಕಂಪನಿಗಳ ನಡುವೆ ದಿನಗಟ್ಟಲೆ ಸಂದೇಶಗಳು ಓಡಾಡಿವೆ: ಯಾರು ಮಾಡಬೇಕು, ಆಯಿತೇ, ಬಣ್ಣ ಬಳಿದು ಮುಚ್ಚಿದ್ದೀರಲ್ಲ, ಮತ್ತೆ ಮಾಡಿ. ಐದು ರಿವೆಟ್‌ಗಳ ಮೇಲೆ ಕಟ್ಟುನಿಟ್ಟಿನ ಕಣ್ಣಿತ್ತು. ಆ ಕಣ್ಣು ಎರಡು ಕಂಪನಿಗಳ ಗಡಿಯ ಮೇಲೆ ನೆಟ್ಟಿತ್ತು, ಬೋಲ್ಟ್ ಆ ಗಡಿಯ ಈಚೆಗೆ, ಬೋಯಿಂಗ್‌ನ ಪಾಲಿಗೆ ಬಿತ್ತು. ಇನ್ನೊಂದು ವಿವರ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆಯಲ್ಲಿ ಹೊರಬಂತು. ಬಾಗಿಲುಗಳ ತಂಡದಲ್ಲಿದ್ದ 24 ಜನರಲ್ಲಿ ಇಂಥ ಮುಚ್ಚಳವನ್ನು ಹಿಂದೆ ಬಿಚ್ಚಿ ಗೊತ್ತಿದ್ದವನು ಒಬ್ಬನೇ. ಆ ದಿನಗಳಲ್ಲಿ ಅವನು ರಜೆಯಲ್ಲಿದ್ದ.

2024ರ ಜನವರಿ 5ರ ಸಂಜೆ ಪೋರ್ಟ್‌ಲ್ಯಾಂಡ್‌ನಿಂದ ಹಾರಿದ ಕೆಲವೇ ನಿಮಿಷದಲ್ಲಿ, ಸುಮಾರು 15 ಸಾವಿರ ಅಡಿ ಎತ್ತರದಲ್ಲಿ ಮುಚ್ಚಳ ಕಿತ್ತುಕೊಂಡು ಹೋಯಿತು. 177 ಜನರಿದ್ದರು. ಯಾರೂ ಸಾಯಲಿಲ್ಲ. ಮಂಡಳಿ 2025ರ ಜೂನ್‌ನಲ್ಲಿ ಕೊಟ್ಟ ತೀರ್ಮಾನದಲ್ಲಿ ದೋಷ ಹೊರಿಸಿದ್ದು ಮುಖ್ಯವಾಗಿ ಬೋಯಿಂಗ್ ಮೇಲೆ: ಕೆಲಸಗಾರರಿಗೆ ಸಾಕಷ್ಟು ತರಬೇತಿ, ಮಾರ್ಗದರ್ಶನ, ಮೇಲ್ವಿಚಾರಣೆ ಕೊಡಲಿಲ್ಲ ಎಂದು. ವೆಂಡರ್ ಮೇಲೆ ತಪ್ಪು ಹಾಕಿ ಕೈತೊಳೆದುಕೊಳ್ಳುವ ಅವಕಾಶ ಇರಲಿಲ್ಲ.

ಅದಾದ ಮೇಲೆ ಬೋಯಿಂಗ್ ಮಾಡಿದ ಎರಡು ಕೆಲಸ ಗಮನಿಸಬೇಕು. 2024ರ ಮಾರ್ಚ್‌ನಿಂದ ತನ್ನ ತಪಾಸಕರನ್ನು ವಿಚಿಟಾದಲ್ಲೇ ಕೂರಿಸಿ, ದೋಷವಿರುವ ಒಡಲು ಅಲ್ಲಿಂದ ಹೊರಡುವುದನ್ನೇ ನಿಲ್ಲಿಸಿತು. ಅಲ್ಲಿಯತನಕ 'ಕಳಿಸಿಬಿಡಿ, ರೆಂಟನ್‌ನಲ್ಲಿ ನೋಡಿಕೊಳ್ಳೋಣ' ಎಂದು ನಡೆದಿತ್ತು. ಎರಡನೆಯದು, 2024ರ ಜುಲೈನಲ್ಲಿ ಸ್ಪಿರಿಟನ್ನು 470 ಕೋಟಿ ಡಾಲರ್ ಮೌಲ್ಯದ ಷೇರುಗಳಿಗೆ ಕೊಳ್ಳುವ ಒಪ್ಪಂದ. ಸಾಲದ ಹೊರೆ ಸೇರಿದರೆ 830 ಕೋಟಿ. 2025ರ ಕೊನೆಗೆ ಆ ಖರೀದಿ ಮುಗಿದು ವಿಚಿಟಾ ಮತ್ತೆ ಬೋಯಿಂಗ್‌ನ ಮನೆ ಸೇರಿತು. ಏರ್‌ಬಸ್‌ಗೆ ಬೇಕಾದ ಘಟಕಗಳು ಏರ್‌ಬಸ್‌ಗೆ ಹೋದವು.

ವಾಪಸ್ ಕೊಂಡುಕೊಂಡ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆಂದು ನಾನು ನಂಬುವುದಿಲ್ಲ. ಆ ನಾಲ್ಕು ಬೋಲ್ಟ್ ಬಿಟ್ಟುಹೋದದ್ದು ಬೋಯಿಂಗ್‌ನ ಸ್ವಂತ ಸೂರಿನಡಿ. ಮನೆಯೊಳಗೆ ಮಾಡಿದರೆ ಹಿಡಿತ ತಾನಾಗಿ ಬರುತ್ತದೆ ಎನ್ನುವುದೂ ಒಂದು ಭ್ರಮೆಯೇ.

ಮಾರಿ ಸಾಕೊ ಎಂಬ ಸಂಶೋಧಕಿ 1990ರ ದಶಕದ ಆರಂಭದಲ್ಲಿ ಬ್ರಿಟನ್ ಮತ್ತು ಜಪಾನಿನ ಎಲೆಕ್ಟ್ರಾನಿಕ್ಸ್ ಕಂಪನಿಗಳನ್ನು ಹೋಲಿಸಿ, ನಂಬಿಕೆಯನ್ನು ಮೂರಾಗಿ ವಿಂಗಡಿಸಿದರು. ಕೊಟ್ಟ ಮಾತು ಉಳಿಸಿಕೊಳ್ಳುತ್ತಾನೆಂಬ ನಂಬಿಕೆ ಒಂದು. ಕೆಲಸ ಮಾಡುವ ಸಾಮರ್ಥ್ಯವಿದೆಯೆಂಬುದು ಇನ್ನೊಂದು. ಕರಾರಿನಲ್ಲಿ ಇಲ್ಲದಿದ್ದರೂ ನನ್ನ ಹಿತ ಕಾಯುತ್ತಾನೆಂಬುದು ಮೂರನೆಯದು. ಬಳಸಿ ಬಳಸಿ ಸವೆದ ವಿಂಗಡಣೆಯಾದರೂ ಉಪಯೋಗವಿದೆ. ವಾಯುಪಡೆ ಮುಖ್ಯಸ್ಥರು ದೂರಿದ್ದು ಮೊದಲನೆಯದರ ಬಗ್ಗೆ. ಬೋಯಿಂಗ್ ಕಳೆದುಕೊಂಡದ್ದು ಎರಡನೆಯದನ್ನು ಅಳೆಯುವ ಶಕ್ತಿಯನ್ನು. ಮೂರನೆಯದಕ್ಕೆ ಟೊಯೊಟಾದ ಕಡೆ ನೋಡಬೇಕು.

ಬೆಂಕಿ ಬಿದ್ದ ಬೆಳಗ್ಗೆ, ಮತ್ತು ಬಿಡದಿ

1997ರ ಫೆಬ್ರುವರಿ 1, ಶನಿವಾರ ಬೆಳಗಿನ ಜಾವ ಜಪಾನಿನ ಕರಿಯಾದಲ್ಲಿ ಐಸಿನ್ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಬ್ರೇಕಿನ ಒತ್ತಡ ಹಂಚುವ ಪಿ-ವಾಲ್ವ್ ಎಂಬ ಸಣ್ಣ ಭಾಗ ಅಲ್ಲಿ ತಯಾರಾಗುತ್ತಿತ್ತು. ಟೊಯೊಟಾಗೆ ಬೇಕಾದ ಪಿ-ವಾಲ್ವ್‌ನಲ್ಲಿ ಶೇ 99ರಷ್ಟು ಆ ಒಂದೇ ಕಾರ್ಖಾನೆಯದು. ಟೊಯೊಟಾ ಎಂದಿನಂತೆ ದಾಸ್ತಾನು ಇಟ್ಟಿರಲಿಲ್ಲ. ಎರಡು ಮೂರು ದಿನದಲ್ಲಿ ಜಪಾನಿನ ಅದರ ಕಾರ್ಖಾನೆಗಳು ಹೆಚ್ಚುಕಡಿಮೆ ಎಲ್ಲವೂ ನಿಂತವು.

ಐಸಿನ್ ತನ್ನ ಡ್ರಾಯಿಂಗ್‌ಗಳನ್ನು ಕೇಳಿದವರಿಗೆಲ್ಲ ಹಂಚಿತು. ಅರವತ್ತಕ್ಕೂ ಹೆಚ್ಚು ಕಂಪನಿಗಳು ಪಿ-ವಾಲ್ವ್ ಮಾಡಲು ನಿಂತವು. ಅವುಗಳಲ್ಲಿ ಹೊಲಿಗೆ ಯಂತ್ರಕ್ಕೆ ಹೆಸರಾದ ಬ್ರದರ್ ಕಂಪನಿಯೂ ಇತ್ತು. ಬೆಂಕಿ ಬಿದ್ದು ನಾಲ್ಕು ದಿನವಾಗುವ ಮೊದಲೇ ಒಂದು ಸಣ್ಣ ಕಂಪನಿ ಬಳಸಲು ಯೋಗ್ಯವಾದ ಮೊದಲ ಸಾವಿರ ವಾಲ್ವ್ ತಂದುಕೊಟ್ಟಿತು. ಒಂದು ವಾರದಲ್ಲಿ ಟೊಯೊಟಾ ಬಹುಮಟ್ಟಿಗೆ ಚೇತರಿಸಿಕೊಂಡಿತು. ಬೆಲೆ ಎಷ್ಟು, ಯಾರು ಕೊಡುತ್ತಾರೆ, ನಮ್ಮ ಆರ್ಡರ್ ನಿಂತರೆ ಗತಿಯೇನು ಎಂದು ಯಾರೂ ಮೊದಲು ಕೇಳಲಿಲ್ಲ. ಖರ್ಚಿನ ಲೆಕ್ಕ ಆಮೇಲೆ ತೀರಿತು, ಟೊಯೊಟಾ ತಾನಾಗಿಯೇ ಮೊದಲ ಹಂತದ ಪೂರೈಕೆದಾರರಿಗೆ ಹೆಚ್ಚುವರಿ ಹಣ ಕೊಟ್ಟಿತು.

ಈ ಕತೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ, ನೋಡಿ ನಂಬಿಕೆಯ ಮಹಿಮೆ ಎನ್ನುತ್ತಾರೆ. ಆದರೆ ಆ ನಂಬಿಕೆಯ ಹಿಂದೆ ಎಂಥ ಹಿಡಿತವಿತ್ತು ಎಂಬುದನ್ನು ಹೇಳುವುದಿಲ್ಲ. ಜಪಾನಿನ ವಾಹನ ಉದ್ಯಮದಲ್ಲಿ ಡ್ರಾಯಿಂಗ್ ಎರಡು ಬಗೆ. ಕಾರು ಕಂಪನಿಯೇ ಬರೆದು ವೆಂಡರ್‌ಗೆ ಕೊಡುವುದು ಒಂದು. ಕಾರು ಕಂಪನಿ ಜಾಗ, ತೂಕ, ಬೆಲೆ, ಕಾರ್ಯಕ್ಷಮತೆ ಹೇಳಿ, ವೆಂಡರ್ ಬರೆದು ತಂದ ಡ್ರಾಯಿಂಗ್ ನೋಡಿ ಒಪ್ಪಿಗೆ ಕೊಡುವುದು ಇನ್ನೊಂದು. ಎರಡನೆಯ ಬಗೆಯಲ್ಲಿ ವೆಂಡರ್‌ಗೆ ಸ್ವಾತಂತ್ರ್ಯ ಹೆಚ್ಚು, ಹೊಣೆಯೂ ಹೆಚ್ಚು. ಒಪ್ಪಿಗೆ ಕೊಡಬೇಕಾದವನಿಗೆ ಮಾತ್ರ ಆ ಡ್ರಾಯಿಂಗ್ ಓದಲು ಬರಲೇಬೇಕು. ಟೊಯೊಟಾ ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿತೆಂದರೆ, ಎಲೆಕ್ಟ್ರಾನಿಕ್ ಭಾಗಗಳನ್ನು ಕೊಡಲು ತನ್ನದೇ ಬಳಗದ ಡೆನ್ಸೊ ಇದ್ದರೂ 1989ರಲ್ಲಿ ಹಿರೊಸೆ ಎಂಬಲ್ಲಿ ಸ್ವಂತ ಎಲೆಕ್ಟ್ರಾನಿಕ್ಸ್ ಘಟಕ ಹಾಕಿತು. ಡೆನ್ಸೊ 1949ರಲ್ಲಿ ಟೊಯೊಟಾದಿಂದಲೇ ಬೇರೆಯಾದ ಕಂಪನಿ, ಅಣ್ಣತಮ್ಮಂದಿರ ಹಾಗೆ. ಹಾಗಿದ್ದೂ ತಾನು ಸ್ವಲ್ಪ ಮಾಡಿ ನೋಡದೆ ಅವನು ಹೇಳುವ ಬೆಲೆ ಸರಿಯೋ, ಕಾರಣ ನಿಜವೋ ಎಂದು ತೀರ್ಮಾನಿಸಲಾಗದು ಎಂಬ ಲೆಕ್ಕ. ಮೂವತ್ತು ವರ್ಷ ಹಾಗೆ ನಡೆಸಿ, 2020ರಲ್ಲಿ ಆ ಘಟಕವನ್ನು ಡೆನ್ಸೊಗೇ ಒಪ್ಪಿಸಿತು.

ಟೊಯೊಟಾವನ್ನು ಪೂಜೆಗಿಡುವವರಿಗೆ 2024ರ ಜನವರಿ ಒಂದು ಪೆಟ್ಟು ಕೊಟ್ಟಿತು. ಡೀಸೆಲ್ ಎಂಜಿನ್ ಅಭಿವೃದ್ಧಿಯನ್ನು ಟೊಯೊಟಾ ತನ್ನ ಬಳಗದ ಟೊಯೊಟಾ ಇಂಡಸ್ಟ್ರೀಸ್‌ಗೆ ವಹಿಸಿತ್ತು. ಎಂಜಿನ್ ಶಕ್ತಿಯ ಪ್ರಮಾಣೀಕರಣ ಪರೀಕ್ಷೆಯಲ್ಲಿ, ಮಾರುಕಟ್ಟೆಗೆ ಹೋಗುವ ಎಂಜಿನ್‌ಗಳಲ್ಲಿ ಇಲ್ಲದ ಸಾಫ್ಟ್‌ವೇರ್ ಹಾಕಿ ಅಂಕಿಗಳು ನಯವಾಗಿ ಕಾಣುವಂತೆ ಮಾಡಿದ್ದು ಬಯಲಾಯಿತು. ಟೊಯೊಟಾದ ಬಿಡದಿ ಕಾರ್ಖಾನೆಗೂ ಇದರ ಬಿಸಿ ತಟ್ಟಿತು: ಇನೋವಾ ಕ್ರಿಸ್ಟಾ, ಫಾರ್ಚೂನರ್, ಹೈಲಕ್ಸ್ ವಾಹನಗಳನ್ನು ಕಾರ್ಖಾನೆಯಿಂದ ಕಳಿಸುವುದನ್ನು ಕೆಲವು ದಿನ ನಿಲ್ಲಿಸಿದರು. ಅಭಿವೃದ್ಧಿಯನ್ನು ಬೇರೆ ಕಂಪನಿಗೆ ವಹಿಸಿದ ಮೇಲೆ ಅವರ ಜೊತೆಗಿನ ಮಾತುಕತೆ, ಹೊಂದಾಣಿಕೆ ಸಾಲದಾಗಿತ್ತು ಎಂದು ಟೊಯೊಟಾ ಮುಖ್ಯಸ್ಥರೇ ಒಪ್ಪಿಕೊಂಡರು. ಬಳಗದ ಇನ್ನೊಂದು ಕಂಪನಿ ಡೈಹಟ್ಸುವಿನಲ್ಲಿ ಹಿಂದಿನ ತಿಂಗಳಷ್ಟೇ ಇಂಥದೇ ಪರೀಕ್ಷಾ ಅಕ್ರಮ ಬಯಲಾಗಿ, ವೇಳಾಪಟ್ಟಿಯ ಒತ್ತಡದಲ್ಲಿ ಆಗುವುದಿಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ ಎಂಬುದು ಹೊರಬಿದ್ದಿತ್ತು.

ಇದು ಮೂರನೆಯ ಬಗೆಯ ನಂಬಿಕೆ ಹಳಸಿದಾಗ ಆಗುವುದು. ನಮ್ಮವನು, ನೋಡಿಕೊಳ್ಳುತ್ತಾನೆ ಎಂದು ಇವನು ಕೇಳುವುದು ಬಿಟ್ಟ. ದೊಡ್ಡವರಿಗೆ ಇಲ್ಲ ಎನ್ನುವುದು ಹೇಗೆ ಎಂದು ಅವನು ಹೇಳುವುದು ಬಿಟ್ಟ. ಹಾಗಾಗಿ ಯಾವುದೇ ಪಾಲುದಾರಿಕೆಯ ಆರೋಗ್ಯ ನೋಡಲು ನಾನು ಕೇಳುವ ಪ್ರಶ್ನೆ ಒಂದೇ: ವೆಂಡರ್‌ನ ಕಾರ್ಖಾನೆಯಲ್ಲಿ ಇವತ್ತು ಏನೋ ಕೆಟ್ಟಿತು ಎಂದರೆ ಕೊಳ್ಳುವವನಿಗೆ ಆ ಸುದ್ದಿ ಎಷ್ಟು ದಿನಕ್ಕೆ ಮುಟ್ಟುತ್ತದೆ? ಯಾರ ಬಾಯಿಂದ ಮುಟ್ಟುತ್ತದೆ?

ಬೆಲೆ ಹಿಂಡುವುದರಿಂದ ಆ ಬಾಯಿ ಬೇಗ ಮುಚ್ಚುತ್ತದೆ. 1992ರಲ್ಲಿ ಜನರಲ್ ಮೋಟರ್ಸ್‌ನ ಖರೀದಿ ವಿಭಾಗಕ್ಕೆ ಬಂದ ಲೋಪೆಜ್ ಹಳೆಯ ಕರಾರುಗಳನ್ನು ಪಕ್ಕಕ್ಕಿಟ್ಟು ಹೊಸದಾಗಿ ಕೊಟೇಶನ್ ಕರೆದರು. ಒಬ್ಬ ವೆಂಡರ್ ಕಷ್ಟಪಟ್ಟು ಮಾಡಿದ ವಿನ್ಯಾಸವನ್ನು ಅವನ ಎದುರಾಳಿಗೆ ತೋರಿಸಿ ಇದನ್ನೇ ಅಗ್ಗಕ್ಕೆ ಮಾಡುತ್ತೀಯಾ ಎಂದು ಕೇಳುತ್ತಿದ್ದರೆಂಬ ದೂರು ಆಗ ವ್ಯಾಪಕವಾಗಿತ್ತು. ಕಂಪನಿಗೆ ನೂರಾರು ಕೋಟಿ ಡಾಲರ್ ಉಳಿಯಿತಂತೆ. ಪೂರೈಕೆದಾರರು ತಮ್ಮ ಹೊಸ ತಂತ್ರಜ್ಞಾನವನ್ನು ಮೊದಲು ಬೇರೆ ಕಾರು ಕಂಪನಿಗಳಿಗೆ ತೋರಿಸತೊಡಗಿದರು.

ಎಚ್‌ಎಎಲ್: ಒಂದೇ ಸಲಕ್ಕೆ ಕೊಡುವವ, ಕೊಳ್ಳುವವ

ತೇಜಸ್ ವಿಷಯದಲ್ಲಿ ಎಚ್‌ಎಎಲ್ ವಾಯುಪಡೆಗೆ ಪೂರೈಕೆದಾರ. ತನ್ನ ಕೆಳಗಿನವರಿಗೆ ಅದೇ ದೊಡ್ಡ ಖರೀದಿದಾರ. ವಿಮಾನದ ದೊಡ್ಡ ಭಾಗಗಳನ್ನು ಈಗ ಖಾಸಗಿ ಕಂಪನಿಗಳು ಮಾಡುತ್ತಿವೆ: ರೆಕ್ಕೆ ಕೊಯಮತ್ತೂರಿನ ಎಲ್ ಅಂಡ್ ಟಿ ಘಟಕದಲ್ಲಿ, ನಡುವಿನ ಒಡಲು ಹೈದರಾಬಾದಿನ ವೆಮ್ ಟೆಕ್ನಾಲಜೀಸ್‌ನಲ್ಲಿ, ಹಿಂಬದಿಯ ಒಡಲು ಬೆಂಗಳೂರಿನ ಆಲ್ಫಾ ಟೋಕಾಲ್‌ನಲ್ಲಿ, ಮುಂಬದಿ ಡೈನಮ್ಯಾಟಿಕ್ ಟೆಕ್ನಾಲಜೀಸ್‌ನಲ್ಲಿ. 2025ರಲ್ಲಿ ಇವುಗಳಲ್ಲಿ ಹಲವು ಭಾಗಗಳ ಮೊದಲ ಕಂತುಗಳು ಒಂದೊಂದಾಗಿ ಹಸ್ತಾಂತರವಾದವು. ವಿನ್ಯಾಸ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿಯದು. ಹೀಗಾಗಿ ಕೆಲಸ ಬಹುಮಟ್ಟಿಗೆ ಕೊಟ್ಟ ಡ್ರಾಯಿಂಗ್ ಪ್ರಕಾರ ಮಾಡಿಕೊಡುವ ಬಗೆಯದು. ಇಲ್ಲಿ ಎಚ್‌ಎಎಲ್‌ಗೆ ಬೋಯಿಂಗ್‌ಗೆ ಇಲ್ಲದ ಒಂದು ಅನುಕೂಲವಿದೆ. ಈ ಭಾಗಗಳನ್ನೆಲ್ಲ ಅದು ಮೊದಲು ತಾನೇ ಮಾಡಿದೆ, ಎಲ್ಲಿ ತಪ್ಪಾಗುತ್ತದೆಂಬುದು ಅದರ ಜನರಿಗೆ ಗೊತ್ತು. ಆ ಜನ ನಿವೃತ್ತರಾಗುವುದರೊಳಗೆ ಏನು ವ್ಯವಸ್ಥೆ ಮಾಡಿಕೊಳ್ಳುತ್ತದೆ ಎಂಬುದರ ಮೇಲೆ ಮುಂದಿನ ಹತ್ತು ವರ್ಷ ನಿಂತಿದೆ.

ಎಂಜಿನ್ ಕತೆಯೇ ಬೇರೆ. 99 ಎಫ್404 ಎಂಜಿನ್‌ಗಳಿಗೆ 2021ರಲ್ಲಿ ಅಮೆರಿಕದ ಜಿಇ ಜೊತೆ ಒಪ್ಪಂದವಾಯಿತು. ಮೊದಲ ಎಂಜಿನ್ ಬಂದಿದ್ದು 2025ರ ಮಾರ್ಚ್‌ನಲ್ಲಿ. ಆರ್ಡರ್‌ಗಳಿಲ್ಲದೆ ಆ ಎಂಜಿನ್‌ನ ಉತ್ಪಾದನೆ ವರ್ಷಗಟ್ಟಲೆ ನಿಂತಿತ್ತು. ಮತ್ತೆ ಶುರುಮಾಡಲು ಜಿಇ ತನ್ನ ಪೂರೈಕೆದಾರರ ಸಾಲನ್ನೇ ಹೊಸದಾಗಿ ಕಟ್ಟಬೇಕಾಯಿತು. ಇಂಥ ಕಡೆ ಕರಾರಿನಲ್ಲಿ ಎಷ್ಟು ದಂಡದ ಷರತ್ತು ಬರೆದರೂ ದಂಡದ ಹಣದಿಂದ ವಿಮಾನ ಹಾರುವುದಿಲ್ಲ. ಪರ್ಯಾಯವಿಲ್ಲದ ಕಡೆ ನಿಯಂತ್ರಣದ ಮಾತು ಕಾಗದದ ಮೇಲಷ್ಟೇ.

ಪೀಣ್ಯದ ಲೆಕ್ಕ

ಇಷ್ಟೂ ದೊಡ್ಡವರ ವಿಷಯವಾಯಿತು. ಕರ್ನಾಟಕದಲ್ಲಿ ಈ ಪ್ರಶ್ನೆ ದಿನವೂ ಏಳುವುದು ಎಚ್‌ಎಂಟಿ, ಬಿಇಎಲ್, ಎಚ್‌ಎಎಲ್‌ಗಳಿಗೆ ಬಿಡಿಭಾಗ ಮಾಡಿಕೊಡುತ್ತ ಬೆಳೆದ ಪೀಣ್ಯದ ಶೆಡ್‌ಗಳಲ್ಲಿ, ಬೆಳಗಾವಿಯ ಫೌಂಡ್ರಿಗಳಲ್ಲಿ, ಹುಬ್ಬಳ್ಳಿಯ ವರ್ಕ್‌ಶಾಪ್‌ಗಳಲ್ಲಿ. ಅಲ್ಲಿ 'ಪ್ರಾಡಕ್ಟ್ ಡೆವಲಪ್‌ಮೆಂಟ್ ಪಾರ್ಟ್‌ನರ್‌ಶಿಪ್' ಎಂದರೆ ಜನ ನಗುತ್ತಾರೆ. ಆದರೆ ನಡೆಯುವುದು ಅದೇ.

ಒಂದು ಹೊಸ ಭಾಗದ ಡ್ರಾಯಿಂಗ್ ಬರುತ್ತದೆ. ಟೂಲ್ ರೂಮ್ ಫೋರ್‌ಮನ್ ನೋಡಿದ ಕೂಡಲೇ ಹೇಳುತ್ತಾನೆ: ಒಳಮೂಲೆಯಲ್ಲಿ ಇಷ್ಟು ಚಿಕ್ಕ ರೇಡಿಯಸ್ ಕೊಟ್ಟರೆ ಕಟರ್ ನಿಲ್ಲುವುದಿಲ್ಲ, ಸ್ವಲ್ಪ ದೊಡ್ಡದು ಮಾಡಿದರೆ ಸೈಕಲ್ ಟೈಮ್ ಅರ್ಧಕ್ಕಿಳಿಯುತ್ತದೆ, ಈ ರಂಧ್ರಕ್ಕೆ ಇಷ್ಟು ಬಿಗಿ ಟಾಲರೆನ್ಸ್ ಯಾತಕ್ಕೆ? ಮಾಲೀಕ ಫೋನ್ ಮಾಡಿ ಹೇಳುತ್ತಾನೆ. ಕಂಪನಿಯ ಡಿಸೈನ್ ವಿಭಾಗದವರಿಗೆ ಸರಿಯೆನಿಸುತ್ತದೆ, ಡ್ರಾಯಿಂಗ್‌ನ ರಿವಿಶನ್ 'ಎ' ಹೋಗಿ 'ಬಿ' ಬರುತ್ತದೆ. ಮೂರು ಸಲ ಟ್ರಯಲ್ ಪೀಸ್ ಮಾಡಿ, ಎರಡು ಸಲ ರಿಜೆಕ್ಟ್ ಆಗಿ, ಮೂರನೆಯದು ಪಾಸ್ ಆಗುತ್ತದೆ. ಆಮೇಲೆ ಖರೀದಿ ವಿಭಾಗ ಆ ರಿವಿಶನ್ 'ಬಿ' ಡ್ರಾಯಿಂಗನ್ನು ನಾಲ್ಕು ಜನರಿಗೆ ಕಳಿಸಿ ಕೊಟೇಶನ್ ಕರೆಯುತ್ತದೆ. ಸರ್ಕಾರಿ ಸಂಸ್ಥೆಯಾದರೆ ಎಲ್-1ಗೇ, ಅಂದರೆ ಅತಿ ಕಡಿಮೆ ಬೆಲೆ ಹಾಕಿದವನಿಗೇ, ಕೊಡಬೇಕೆಂಬ ನಿಯಮದ ನೆಪವೂ ಸಿಗುತ್ತದೆ. ಟ್ರಯಲ್‌ನ ಖರ್ಚು ಹಾಕದ ಪಕ್ಕದ ಶೆಡ್‌ನವನು ಎರಡು ರೂಪಾಯಿ ಕಡಿಮೆ ಹಾಕುತ್ತಾನೆ.

ಇದಾದ ಮೇಲೆ ಆ ಮಾಲೀಕ ಕಲಿಯುವುದೇನು? ಮುಂದಿನ ಸಲ ಡ್ರಾಯಿಂಗ್‌ನಲ್ಲಿ ತಪ್ಪು ಕಂಡರೂ ಪಿಒ (ಪರ್ಚೇಸ್ ಆರ್ಡರ್) ಕೈಗೆ ಬರುವವರೆಗೆ ಬಾಯಿ ಬಿಡುವುದಿಲ್ಲ. ಖರೀದಿ ವಿಭಾಗದ ಪುಸ್ತಕದಲ್ಲಿ ಎರಡು ರೂಪಾಯಿ ಉಳಿತಾಯ. ಆ ಮೌನದ ಬೆಲೆ ಯಾವ ಪುಸ್ತಕಕ್ಕೂ ಬರುವುದಿಲ್ಲ.

ಡೈ, ಅಂದರೆ ಭಾಗಕ್ಕೆ ಆಕಾರ ಕೊಡುವ ಅಚ್ಚು, ಯಾರದು ಎಂಬುದು ಇನ್ನೊಂದು ತಕರಾರು. ಲಕ್ಷಗಟ್ಟಲೆ ಖರ್ಚಿನ ಡೈಯನ್ನು ವೆಂಡರ್ ಮಾಡಿಸುತ್ತಾನೆ, ಅದರ ಹಣವನ್ನು ಪ್ರತಿ ಪೀಸಿನ ಬೆಲೆಯಲ್ಲಿ ಸ್ವಲ್ಪಸ್ವಲ್ಪ ಸೇರಿಸಿ ತೀರಿಸುವುದಾಗಿ ಕಂಪನಿ ಹೇಳುತ್ತದೆ. ವರ್ಷಕ್ಕೆ ಐವತ್ತು ಸಾವಿರ ಪೀಸ್ ಎಂದು ಹೇಳಿ ಹದಿನೈದು ಸಾವಿರ ಎತ್ತಿದರೆ ಉಳಿದ ಹಣ ಯಾರದು? ಕರಾರಿನಲ್ಲಿ ಬರೆದಿರುವುದಿಲ್ಲ. ಹಣ ಪೂರ್ತಿ ಬರುವವರೆಗೆ ಡೈ ತನ್ನ ಶೆಡ್ ಬಿಟ್ಟು ಹೋಗದಂತೆ ನೋಡಿಕೊಳ್ಳುವುದೊಂದೇ ವೆಂಡರ್‌ಗೆ ಇರುವ ಹಿಡಿತ. ಅವನ ಖರ್ಚಿನ ಲೆಕ್ಕವನ್ನೆಲ್ಲ ಬಿಚ್ಚಿ ತೋರಿಸು ಎಂದು ಕೇಳುವ ಕಂಪನಿ ತನ್ನ ಮುಂದಿನ ವರ್ಷದ ಬೇಡಿಕೆಯ ಅಂದಾಜನ್ನು ಅವನಿಗೆ ಬಿಚ್ಚಿ ತೋರಿಸುವುದಿಲ್ಲ.

ಇನ್ನು ಪೇಮೆಂಟ್. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆ ಈ ವ್ಯವಹಾರ ನೋಡಿಯೇ ಹುಟ್ಟಿತೇನೋ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಒಪ್ಪಂದವಿದ್ದರೂ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರುಪಟ್ಟು ಚಕ್ರಬಡ್ಡಿ. ಕಾಯ್ದೆಗೆ ಹಲ್ಲಿದ್ದರೂ ಕಚ್ಚಲು ವೆಂಡರ್ ದೂರು ಕೊಡಬೇಕು. ದೂರು ಕೊಟ್ಟವನಿಗೆ ಮುಂದಿನ ಆರ್ಡರ್ ಬರುವುದಿಲ್ಲ. ಆದ್ದರಿಂದ 2024ರ ಏಪ್ರಿಲ್‌ನಿಂದ ಜಾರಿಗೆ ಬಂದ, 1961ರ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ನಿಯಮ ಬುದ್ಧಿವಂತಿಕೆಯದು. ಗಡುವಿನೊಳಗೆ ಹಣ ಕೊಡದಿದ್ದರೆ ಆ ಖರೀದಿಯನ್ನು ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲ. ಯಾರೂ ದೂರು ಕೊಡಬೇಕಿಲ್ಲ, ಕೊಳ್ಳುವವನ ಆಡಿಟರ್‌ನೇ ಅವನನ್ನು ಎಚ್ಚರಿಸುತ್ತಾನೆ. ಆದರೆ ಮಧ್ಯಮ ಉದ್ಯಮಗಳು ಇದರ ವ್ಯಾಪ್ತಿಗೆ ಬರುವುದಿಲ್ಲ, ದೊಡ್ಡ ಕಂಪನಿಗಳು ಆರ್ಡರ್‌ಗಳನ್ನು ಅತ್ತ ತಿರುಗಿಸುತ್ತವೆಂಬ ಆತಂಕ ಸಣ್ಣ ಉದ್ಯಮಿಗಳಲ್ಲಿ ಮೊದಲ ದಿನದಿಂದಲೇ ಇದೆ. ಅದೂ ಅಲ್ಲದೆ ಈ ನಿಯಮ ಕಾಯುವುದು ಬಿಲ್ ಆದ ಸರಕನ್ನು. ಬಿಲ್ಲೇ ಆಗದ ಟ್ರಯಲ್ ಪೀಸ್, ಬದಲಾದ ರೇಡಿಯಸ್, ಫೋರ್‌ಮನ್‌ನ ಸಲಹೆ ಇದರ ಬಲೆಗೆ ಬೀಳುವುದಿಲ್ಲ.

ಅದಕ್ಕೆ ಬೇಕಾಗಿರುವುದು ಸಣ್ಣ ಏರ್ಪಾಡು. ಅಭಿವೃದ್ಧಿ ಕೆಲಸಕ್ಕೆ ಪ್ರತ್ಯೇಕ ಪಿಒ, ಟ್ರಯಲ್‌ಗಳಿಗೆ ಗೊತ್ತಾದ ದರ. ವೆಂಡರ್‌ನಿಂದ ಬಂದ ಬದಲಾವಣೆಯನ್ನು ರಿವಿಶನ್ ಪಟ್ಟಿಯಲ್ಲಿ ಅವನ ಹೆಸರಿನಲ್ಲೇ ದಾಖಲಿಸುವುದು, ಆ ಭಾಗದ ಮೊದಲ ಒಂದೆರಡು ವರ್ಷದ ಆರ್ಡರ್‌ನಲ್ಲಿ ಇಷ್ಟು ಪಾಲು ಅವನಿಗೇ ಎಂದು ಮೊದಲೇ ಬರೆಯುವುದು, ಬೇಡಿಕೆ ಬರದಿದ್ದರೆ ಡೈಯ ಬಾಕಿ ಯಾರು ಕೊಡಬೇಕೆಂದು ಗೆರೆ ಎಳೆಯುವುದು. ಇದಕ್ಕೆ ಬದಲಾಗಿ ಕಂಪನಿಯ ಎಂಜಿನಿಯರ್ ಯಾವತ್ತು ಬೇಕಾದರೂ ಶೆಡ್‌ಗೆ ಬಂದು ಮೆಷಿನ್ ಪಕ್ಕ ನಿಂತು ನೋಡಬಹುದು ಎಂದು ವೆಂಡರ್ ಒಪ್ಪಬೇಕು, ತಪ್ಪಾದ ದಿನವೇ ತಿಳಿಸಬೇಕು. ಇಂಥ ಕರಾರಿನ ಮಾತೆತ್ತಿದರೆ ಡಿಸೈನ್ ವಿಭಾಗದವರು ಬೇಗ ತಲೆಯಾಡಿಸುತ್ತಾರೆ. ತಡೆಯುವುದು ಖರೀದಿ ವಿಭಾಗ, ಏಕೆಂದರೆ ವರ್ಷದ ಕೊನೆಗೆ ಅವರ ಇನ್‌ಕ್ರಿಮೆಂಟ್ ಬರೆಯುವುದು ಪ್ರತಿ ಪೀಸಿಗೆ ಎಷ್ಟು ಪೈಸೆ ಇಳಿಸಿದಿರಿ ಎಂಬ ಲೆಕ್ಕದ ಮೇಲೆ. ಆ ಲೆಕ್ಕ ಹಾಗೇ ಇರುವಷ್ಟು ದಿನ ವೆಂಡರ್ ಒಂದು ವಿಭಾಗಕ್ಕೆ ಒಂದು ಉತ್ತರ, ಇನ್ನೊಂದಕ್ಕೆ ಬೇರೆಯೇ ಉತ್ತರ ಕೊಡುತ್ತಾನೆ. ಎರಡೂ ಅವನ ಮಟ್ಟಿಗೆ ನಿಜವೇ ಆಗಿರುತ್ತವೆ.